ನಮ್ಮ ನಕ್ಷತ್ರ ಯಾಕೆ ಅಡುಗೆಮನೆ ಕಡೆ?

ಪ್ರಶ್ನೆ: ನಾನು ಧಾರವಾಡ ಕಡೆಯವನು. ವಯಸ್ಸು 46. 2002ರಲ್ಲಿ ಮುಂಬೈಗೆ ಬಂದೆ. ಈಗ ಡೊಂಬಿವಲಿಯಲ್ಲಿ ಸ್ವಂತ ಫ್ಲ್ಯಾಟ್ ಇದೆ, ಒಂದು ಖಾಸಗಿ ಕಂಪನಿಯಲ್ಲಿ ಅಕೌಂಟ್ಸ್ ಕೆಲಸ. ಅಜ್ಜನ ಕಾಲದಿಂದ ನಾವು ಕ್ರೈಸ್ತರು. ರಾತ್ರಿ ಒಂಬತ್ತಕ್ಕೆ ಕುಟುಂಬ ಪ್ರಾರ್ಥನೆ ತಪ್ಪಿಸುವುದಿಲ್ಲ. ಆದರೆ ಆಫೀಸಿನಲ್ಲಿ ನಾನು ಕ್ರೈಸ್ತ ಎಂದು ಯಾರಿಗೂ ಗೊತ್ತಿಲ್ಲ. ಹೆಸರು ನೋಡಿದರೆ ತಿಳಿಯುವುದಿಲ್ಲ. ಮುಂಬೈಗೆ ಬಂದ ಹೊಸದರಲ್ಲಿ ಒಬ್ಬ ಮನೆ ಮಾಲೀಕರು ನಮ್ಮ ಧರ್ಮ ತಿಳಿದ ಕೂಡಲೇ ಅಡ್ವಾನ್ಸ್ ವಾಪಸ್ ಕೊಟ್ಟರು. ಅಂದಿನಿಂದ ಯಾರಾದರೂ ಕೇಳದ ಹೊರತು ನಾನು ಹೇಳುವುದಿಲ್ಲ. ಕಳೆದ ತಿಂಗಳು ಊಟದ ಹೊತ್ತಿನಲ್ಲಿ ಸಹೋದ್ಯೋಗಿಯೊಬ್ಬ, ‘ಈ ಕ್ರಿಶ್ಚಿಯನ್ನರೆಲ್ಲ ಅಕ್ಕಿ ಮೂಟೆಗೆ ಮತ ಬದಲಿಸಿದವರು’ ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ರಾತ್ರಿ ಪ್ರಾರ್ಥನೆಗೆ ಬಾಯಿ ಬರಲಿಲ್ಲ. ನನ್ನ ಮಗಳಿಗೆ 15 ವರ್ಷ. ಕಳೆದ ಕ್ರಿಸ್‌ಮಸ್‌ನಲ್ಲಿ ಅವಳು ಕೇಳಿದಳು: ‘ಪಪ್ಪಾ, ದೀಪಾವಳಿಗೆ ಎಲ್ಲರ ಕಂದೀಲು ಹೊರಗಡೆ ತೂಗುತ್ತೆ. ನಮ್ಮ ನಕ್ಷತ್ರ ಯಾಕೆ ಅಡುಗೆಮನೆ ಕಡೆ?’ 19ರ ಮಗ ಎಂಟು ತಿಂಗಳಿಂದ ಚರ್ಚಿಗೆ ಬರುತ್ತಿಲ್ಲ. ಇನ್ನು ಸಾಕು, ಬಾಗಿಲಿಗೆ ಶಿಲುಬೆ ಹಾಕುತ್ತೇನೆ, ಪ್ರತಿ ಶುಕ್ರವಾರ ಮನೆಯಲ್ಲಿ ಪ್ರಾರ್ಥನಾ ಕೂಟ ಇಡುತ್ತೇನೆ, ಮಗನನ್ನು ಕರೆದುಕೊಂಡೇ ಹೋಗುತ್ತೇನೆ ಎಂದು ತೀರ್ಮಾನಿಸಿದ್ದೇನೆ. ಹೆಂಡತಿ ಹೆದರುತ್ತಾಳೆ. ಮತಾಂತರ ಮಾಡುತ್ತಿದ್ದಾರೆ ಅಂತಾರೆ, ಸುಮ್ನೆ ಇರಿ ಅನ್ನುತ್ತಾಳೆ. ಸೊಸೈಟಿಯ ಗಣಪತಿ ವರ್ಗಣಿಯ (ಚಂದಾ ಹಣದ) ಪ್ರಶ್ನೆಯೂ ಪ್ರತಿ ವರ್ಷ ಬರುತ್ತದೆ. ನಾನು ಪೇತ್ರನಂತೆ ಯೇಸುವನ್ನು ಅಲ್ಲಗಳೆದೆನೇ? ಮಕ್ಕಳಿಗೆ ಹೇಗೆ ಮಾದರಿಯಾಗಲಿ?

ಉತ್ತರ: ಸಹೋದರರೇ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನಾನು 26 ವರ್ಷ ಸಭಾಪಾಲಕನಾಗಿ ದುಡಿದವನು. ಅದರಲ್ಲಿ ಹೆಚ್ಚಿನ ಕಾಲ ಮುಂಬೈ, ಪುಣೆಯ ಕನ್ನಡ ಸಭೆಗಳಲ್ಲೇ ಕಳೆದಿದೆ. ಈಗ ಕುಟುಂಬಗಳ ಆಪ್ತ ಸಮಾಲೋಚನೆ ಮಾಡುತ್ತೇನೆ. ಇದೇ ಮಾತನ್ನು ಬೇರೆ ಬೇರೆ ರೂಪದಲ್ಲಿ ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ನಕ್ಷತ್ರದ ಮಾತನ್ನು ಮಾತ್ರ ಇಷ್ಟು ಸ್ಪಷ್ಟವಾಗಿ ಯಾರೂ ಕೇಳಿರಲಿಲ್ಲ. ನಿಮ್ಮ ಮಗಳು ಜಾಣೆ.

ನೀವು ಹಲವು ಪ್ರಶ್ನೆ ಕೇಳಿದ್ದೀರಿ. ನನಗೆ ಕಾಣುವ ಚಿಂತೆ ಒಂದೇ. ಮನೆಯೊಳಗಿನ ನೀವು, ಹೊರಗಿನ ನೀವು ಇಬ್ಬರಾಗಿದ್ದೀರಿ. ಅದನ್ನು ಮಕ್ಕಳು ನೋಡಿಬಿಟ್ಟಿದ್ದಾರೆ. ಈಗ ಒಂದೇ ಏಟಿಗೆ ಎಲ್ಲವನ್ನೂ ಸರಿ ಮಾಡಬೇಕು ಅನ್ನಿಸುತ್ತಿದೆ. ಆ ಆತುರವೇ ನನಗೆ ಜಾಸ್ತಿ ಭಯ ಹುಟ್ಟಿಸುವುದು.

ಮೊದಲು ಪೇತ್ರನ ಮಾತು. ಯೇಸುಸ್ವಾಮಿಯನ್ನು ಬಂಧಿಸಿದ ರಾತ್ರಿ, ಹೆದರಿ ‘ಅವರು ಯಾರೋ ನನಗೆ ಗೊತ್ತಿಲ್ಲ’ ಎಂದ ಶಿಷ್ಯ ಅವನು. ಕೇಳದವರಿಗೆ ಹೇಳದೇ ಇರುವುದು ಅಲ್ಲಗಳೆಯುವುದಲ್ಲ. ಯೆಹೂದ್ಯರ ಹಿರಿಯನಾಗಿದ್ದ ನಿಕೊದೇಮ ಯೇಸುಸ್ವಾಮಿಯ ಬಳಿ ರಾತ್ರಿ ಹೊತ್ತು ಬಂದ. ಸ್ವಾಮಿ ಅವನನ್ನು ಬೈದು ಕಳಿಸಲಿಲ್ಲ, ಕೂರಿಸಿ ಮಾತಾಡಿದರು. ಅದೇ ನಿಕೊದೇಮ ಕೊನೆಗೆ ಶಿಲುಬೆಯ ಹತ್ತಿರ, ಎಲ್ಲರ ಕಣ್ಣೆದುರು, ಸುಗಂಧದ್ರವ್ಯ ಹೊತ್ತು ಬಂದ. ಶಿಷ್ಯರೇ ಓಡಿಹೋಗಿದ್ದ ದಿನ ಅದು. ನೀವು ಇಷ್ಟು ವರ್ಷ ಸುಮ್ಮನಿದ್ದದ್ದಕ್ಕೆ ಒಂದು ಕಾರಣವೂ ಇತ್ತು. ಹೊಸ ಊರಿನಲ್ಲಿ, ಕೈಯಲ್ಲಿ ಸಾಮಾನು ಹಿಡಿದು ನಿಂತಾಗ, ಧರ್ಮ ಕೇಳಿ ಬಾಗಿಲು ಮುಚ್ಚಿಸಿಕೊಂಡವನು ಮುಂದಿನ ಬಾಗಿಲಿನಲ್ಲಿ ಬಾಯಿ ಬಿಡುವುದಿಲ್ಲ. ಅದು ಪೆಟ್ಟು ತಿಂದ ಮನಸ್ಸು ತನ್ನನ್ನು ಕಾಪಾಡಿಕೊಳ್ಳುವ ರೀತಿ. ಆದರೆ ಪೆಟ್ಟು ಬಿದ್ದು ಇಪ್ಪತ್ತು ವರ್ಷ ದಾಟಿತು. ಈಗ ಮನೆ ನಿಮ್ಮದೇ. ಅಡ್ವಾನ್ಸ್ ವಾಪಸ್ ಕೊಡುವವರು ಯಾರೂ ಇಲ್ಲ. ಹೆದರಿಕೆಗೆ ಕಾರಣ ಹೋಯಿತು, ಅಭ್ಯಾಸ ಮಾತ್ರ ಉಳಿಯಿತು.

ಆ ನಗು ಮಾತ್ರ ಬೇರೆ ಸಂಗತಿ. ಅದರ ಬಗ್ಗೆ ನಿಮಗೆ ಸಮಾಧಾನದ ಮಾತು ಹೇಳಿ ಕಳಿಸಿದರೆ ನಾನು ನಿಮಗೆ ದ್ರೋಹ ಮಾಡಿದಂತೆ. ಅಲ್ಲಿ ನಿಮ್ಮ ಅಜ್ಜನನ್ನೂ ಸೇರಿಸಿ ಹೀಯಾಳಿಸಿದರು, ನೀವೂ ದನಿಗೂಡಿಸಿದಿರಿ. ನಿಮ್ಮ ಪ್ರಾರ್ಥನೆ ನಿಂತದ್ದೇ ನಿಮ್ಮ ಮನಸ್ಸು ಇನ್ನೂ ಚೆನ್ನಾಗಿದೆ ಎಂಬುದಕ್ಕೆ ಗುರುತು. ಪೇತ್ರನ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದ ಒಂದು ವಿವರವಿದೆ. ಅವನು ಅಲ್ಲಗಳೆದದ್ದು ಇದ್ದಲಿನ ಬೆಂಕಿಯ ಮುಂದೆ, ಚಳಿ ಕಾಯಿಸಿಕೊಳ್ಳುತ್ತಾ. ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯದಲ್ಲಿ ಸ್ವಾಮಿ ಅವನನ್ನು ಮತ್ತೆ ಕರೆದದ್ದೂ ಇದ್ದಲಿನ ಬೆಂಕಿಯ ಮುಂದೆಯೇ. ರೊಟ್ಟಿ, ಮೀನು ಸುಟ್ಟು, ಮೊದಲು ಊಟ ಹಾಕಿ, ಆಮೇಲೆ ಮಾತು. ನಿಮ್ಮ ತಪ್ಪೂ ಊಟದ ಮೇಜಿನ ಮುಂದೆ ಆಯಿತು. ಅದನ್ನು ಸರಿ ಮಾಡುವ ಜಾಗವೂ ಬಾಗಿಲಿನ ಶಿಲುಬೆಯಲ್ಲ, ಆ ಮೇಜಿನ ಅಕ್ಕಪಕ್ಕವೇ.

ಹಾಗಾಗಿ ಮೊದಲ ಕೆಲಸ ಅದು. ಎಲ್ಲರ ಎದುರು ಬೇಡ. ಆ ಸಹೋದ್ಯೋಗಿ ಒಬ್ಬನೇ ಚಹಾಕ್ಕೆ ಹೋಗುವಾಗ ಜೊತೆಗೆ ಹೋಗಿ. ‘ಅವತ್ತು ನೀನು ಅಕ್ಕಿ ಮೂಟೆ ಅಂದೆಯಲ್ಲ, ನಾನೂ ನಕ್ಕೆ. ನಗಬಾರದಿತ್ತು. ನಾನು ಕ್ರಿಶ್ಚಿಯನ್. ನನಗೆ ಬೇಜಾರಾಯಿತು’ ಎಂದು ಹೇಳಿ. ಅಷ್ಟೇ ಸಾಕು. ಉಪದೇಶ ಬೇಡ, ಇತಿಹಾಸ ಬೇಡ. ಅಪಾಯ ಇಲ್ಲವೇ? ಇದೆ. ಸುದ್ದಿ ಸಂಜೆಯೊಳಗೆ ಇಡೀ ಫ್ಲೋರಿಗೆ ಹಬ್ಬುತ್ತದೆ. ಇಬ್ಬರು ಮೂವರು ಸ್ವಲ್ಪ ದಿನ ದೂರ ಕೂರಬಹುದು. ನಾನು ಕಂಡಂತೆ ಹೆಚ್ಚಿನವರಿಗೆ ಆಗುವುದು ನಾಚಿಕೆ. ‘ಅರೆ, ಇಷ್ಟು ವರ್ಷ ಯಾಕೆ ಹೇಳಲಿಲ್ಲ?’ ಎಂದು ಕೇಳುತ್ತಾರೆ. ಮುಂಬೈಯಲ್ಲಿ ಕ್ರಿಶ್ಚಿಯನ್ ಎಂದರೆ ಗೋವೆಯವರು, ಮಂಗಳೂರಿನ ಡಿಸೋಜಾಗಳು, ಇಲ್ಲಿನ ಮೂಲದ ಈಸ್ಟ್ ಇಂಡಿಯನ್ನರು ಎಂದೇ ಜನರ ತಲೆಯಲ್ಲಿದೆ. ಉತ್ತರ ಕರ್ನಾಟಕದ ಹೆಸರಿಟ್ಟುಕೊಂಡು, ಜೋಳದ ರೊಟ್ಟಿ ಡಬ್ಬಿ ತರುವ ಪ್ರೊಟೆಸ್ಟಂಟನೊಬ್ಬ ಇರಬಹುದು ಎಂದು ಅವರಿಗೆ ತೋಚುವುದೇ ಇಲ್ಲ.

ಇನ್ನು ತಪ್ಪು ತಿಳಿವಳಿಕೆಗಳು. ನಂಬಿಕೆಯನ್ನು ತೆರೆದು ಬದುಕುವುದು ಎಂದರೆ ಎಲ್ಲರಿಗೂ ಕಾಣುವಂತೆ ಮಾಡುವುದು ಎಂದು ಎಷ್ಟೋ ಜನ ಅಂದುಕೊಂಡಿದ್ದಾರೆ. ಸ್ವಾಮಿ ಬೆಟ್ಟದ ಮೇಲೆ ಮಾಡಿದ ಪರ್ವತ ಪ್ರಸಂಗವನ್ನು ಒಂದೇ ಕೂತಿನಲ್ಲಿ ಓದಿ ನೋಡಿ. ಮತ್ತಾಯ 5ರಲ್ಲಿ ದೀಪವನ್ನು ದೀಪಸ್ತಂಭದ ಮೇಲಿಡಿ ಅನ್ನುತ್ತಾರೆ. ಪುಟ ತಿರುಗಿಸಿದರೆ 6ರಲ್ಲಿ ಕೋಣೆಯೊಳಗೆ ಹೋಗಿ ಬಾಗಿಲು ಮುಚ್ಚಿ ಪ್ರಾರ್ಥಿಸು ಅನ್ನುತ್ತಾರೆ. ದೀಪಕ್ಕೆ ಹೋಲಿಸಿದ್ದು ನಾವು ಮಾಡುವ ಒಳ್ಳೆಯ ಕೆಲಸವನ್ನು. ಪ್ರಾರ್ಥನೆಯನ್ನು ಜನ ನೋಡಲಿ ಎಂದು ಮಾಡಬೇಡಿ ಎಂದರು. ಹಾಗಿದ್ದರೆ ದಾನಿಯೇಲ ಕಿಟಕಿ ತೆರೆದು ಪ್ರಾರ್ಥಿಸಲಿಲ್ಲವೇ ಎಂದು ನೀವು ಕೇಳಬಹುದು. ಆ ವಾಕ್ಯದ ಕೊನೆ ಓದಿ. ರಾಜನಿಗೆ ಬಿಟ್ಟು ಬೇರೆ ಯಾರಿಗೂ ಪ್ರಾರ್ಥಿಸಬಾರದು ಎಂಬ ರಾಜಾಜ್ಞೆ ಹೊರಟಿದೆ ಎಂದು ತಿಳಿದ ಮೇಲೂ ಅವನು ದಿನಕ್ಕೆ ಮೂರು ಸಲ, ಮೊದಲಿನ ಹಾಗೆಯೇ ಮೊಣಕಾಲೂರಿದ. ‘ಮೊದಲಿನ ಹಾಗೆಯೇ’ ಎಂಬುದರಲ್ಲೇ ಎಲ್ಲ ಇದೆ. ಅವನು ಯಾರಿಗೋ ಸವಾಲು ಹಾಕಲು ಹೊಸದಾಗಿ ಕಿಟಕಿ ತೆರೆಯಲಿಲ್ಲ. ಯಾವಾಗಲೂ ತೆರೆದೇ ಇದ್ದದ್ದನ್ನು ಹೆದರಿ ಮುಚ್ಚಲಿಲ್ಲ.

ನಮ್ಮ ನಾಡಿನವರದೇ ಇನ್ನೊಂದು ಬಾಗಿಲಿನ ಕಥೆ ಇದೆ. ಸಮಾಜ ಸುಧಾರಕಿ ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು. 1889ರಲ್ಲಿ ಮುಂಬೈಯಲ್ಲಿ ಬಾಲವಿಧವೆಯರಿಗಾಗಿ ಶಾರದಾ ಸದನ ತೆರೆದು, ಮುಂದಿನ ವರ್ಷ ಪುಣೆಗೆ ಸಾಗಿಸಿದರು. ಅಲ್ಲಿ ಧರ್ಮ ಬೋಧನೆ ಇರಲಿಲ್ಲ. ಹುಡುಗಿಯರು ತಮ್ಮ ತಮ್ಮ ಆಚಾರ ನಡೆಸಬಹುದಿತ್ತು. ರಮಾಬಾಯಿ ತಮ್ಮ ಕೋಣೆಯಲ್ಲಿ ಮಗಳ ಜೊತೆ ಪ್ರಾರ್ಥನೆ ಮಾಡುವಾಗ ಬಾಗಿಲು ಮುಚ್ಚುತ್ತಿರಲಿಲ್ಲ, ಅಷ್ಟೇ. ಯಾರನ್ನೂ ಕರೆಯುತ್ತಿರಲಿಲ್ಲ, ಬಂದವರನ್ನು ಹೊರಗೆ ಕಳಿಸುತ್ತಲೂ ಇರಲಿಲ್ಲ. ಅದೇ ದೊಡ್ಡ ಗಲಾಟೆಯಾಯಿತು. 1893ರಲ್ಲಿ ರಾನಡೆ, ಭಂಡಾರ್ಕರ್ ಅವರಂಥ ದೊಡ್ಡ ಸುಧಾರಕರೇ ಸಲಹಾ ಸಮಿತಿ ಬಿಟ್ಟರು. ಎಷ್ಟೋ ಮನೆಯವರು ಹುಡುಗಿಯರನ್ನು ವಾಪಸ್ ಕರೆಸಿಕೊಂಡರು. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದರೆ, ಬಾಗಿಲು ತೆರೆದಿಟ್ಟರೆ ಏನೂ ಆಗುವುದಿಲ್ಲ ಎಂದು ನಾನು ನಿಮಗೆ ಸುಳ್ಳು ಹೇಳಲಾರೆ. ಬೆಲೆ ಇರುತ್ತದೆ. ನಿಮ್ಮ ಹೆಂಡತಿಯ ಭಯವನ್ನು ಅವಿಶ್ವಾಸ ಎಂದು ತಳ್ಳಿಹಾಕಬೇಡಿ. ಅದರಲ್ಲಿ ಅರ್ಧ ವಿವೇಕವಿದೆ.

ಅವರ ಭಯದ ಕಾನೂನು ಭಾಗವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಂವಿಧಾನದ 25ನೇ ವಿಧಿ ತನ್ನ ಧರ್ಮವನ್ನು ಹೇಳಿಕೊಳ್ಳುವ, ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಸಾರ್ವಜನಿಕ ಶಾಂತಿ, ನೀತಿ, ಆರೋಗ್ಯಕ್ಕೆ ಧಕ್ಕೆ ಬರಬಾರದು. 1977ರಲ್ಲಿ ಸುಪ್ರೀಂ ಕೋರ್ಟ್, ಪ್ರಚಾರದ ಹಕ್ಕು ಎಂದರೆ ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕಲ್ಲ ಎಂದು ಹೇಳಿತು. ಬಲವಂತ, ಆಮಿಷ, ಮೋಸದಿಂದ ಮತಾಂತರ ಮಾಡುವುದರ ವಿರುದ್ಧ ಹಲವು ರಾಜ್ಯಗಳಲ್ಲಿ ಕಾನೂನುಗಳಿವೆ. ಕೊರಳಲ್ಲಿ ಶಿಲುಬೆ ಹಾಕುವುದು, ಊಟದ ಮುಂಚೆ ತಲೆ ಬಾಗಿಸುವುದು, ಕೇಳಿದವರಿಗೆ ‘ಹೌದು, ನಾನು ಕ್ರೈಸ್ತ’ ಎನ್ನುವುದು ಈ ಯಾವ ಕಾನೂನಿನ ವ್ಯಾಪ್ತಿಗೂ ಬರುವುದಿಲ್ಲ. ನಾನು ನಮ್ಮ ಸಭೆಯವರಿಗೆ ಎರಡು ಮಾತು ಕಟ್ಟುನಿಟ್ಟಾಗಿ ಹೇಳುತ್ತೇನೆ. ನೆರೆಯ ಮಕ್ಕಳು ಪ್ರಾರ್ಥನೆಗೆ ಕೂತರೆ ಅವರ ಅಪ್ಪ ಅಮ್ಮನಿಗೆ ಮೊದಲೇ ತಿಳಿಸಿ, ಒಪ್ಪದಿದ್ದರೆ ಕೂರಿಸಬೇಡಿ. ಕಷ್ಟದಲ್ಲಿರುವವರಿಗೆ ಹಣ ಕೊಡುವ ದಿನ ಚರ್ಚಿಗೆ ಕರೆಯಬೇಡಿ. ಕಾನೂನಿಗೆ ಹೆದರಿ ಮಾತ್ರ ಹೀಗೆ ಹೇಳುತ್ತಿಲ್ಲ. ಸಹಾಯದ ಜೊತೆ ಕರೆಯೂ ಬಂದರೆ, ಪಡೆದವರಿಗೆ ಬೇಡ ಅನ್ನಲು ಆಗುವುದಿಲ್ಲ.

ನಿಮ್ಮ ಪತ್ರದಲ್ಲಿಲ್ಲದ ಒಂದು ವಿಷಯವನ್ನೂ ಇಲ್ಲೇ ಸೇರಿಸುತ್ತೇನೆ. ಇದನ್ನು ಓದುವ ಕೆಲವರ ಮನೆಯಲ್ಲಿ ಮೌನಕ್ಕೆ ಕಾರಣ ಜಾತಿ ಪ್ರಮಾಣಪತ್ರ. 1950ರ ರಾಷ್ಟ್ರಪತಿ ಆದೇಶದಂತೆ ಪರಿಶಿಷ್ಟ ಜಾತಿಯ ಸ್ಥಾನಮಾನ ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ದಲಿತ ಕ್ರೈಸ್ತರನ್ನು ಸೇರಿಸಲಿಲ್ಲ. ಆ ಸ್ಥಾನಮಾನ ಕಳೆದುಕೊಳ್ಳುವ ಭಯಕ್ಕೆ ಭಾನುವಾರ ಒಂದು ಹೆಸರು, ಸೋಮವಾರ ಇನ್ನೊಂದು ಹೆಸರು ಇಟ್ಟುಕೊಂಡು ಬದುಕುವ ಕುಟುಂಬಗಳ ನೋವು ನನಗೆ ಗೊತ್ತು. ಅವರನ್ನು ಹೇಡಿಗಳು ಎನ್ನುವ ಪ್ರಸಂಗಗಳನ್ನು ಕೇಳಿದಾಗ ನನಗೆ ಸಂಕಟವಾಗುತ್ತದೆ. ಅಂಥವರು ಒಳ್ಳೆಯ ವಕೀಲರನ್ನು ಕಂಡು ಮಾತಾಡಬೇಕು, ವೇದಿಕೆ ಮೇಲಿನ ಬೋಧಕರನ್ನಲ್ಲ.

ಶುಕ್ರವಾರದ ಕೂಟದ ಯೋಚನೆಯನ್ನು ಸದ್ಯಕ್ಕೆ ಕೈಬಿಡಿ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಪುಣೆಯಲ್ಲಿದ್ದಾಗ ಒಂದು ಕುಟುಂಬಕ್ಕೆ ನಾನೇ ಇಂಥದ್ದೇ ಸಲಹೆ ಕೊಟ್ಟೆ. ಒಂದು ಬೆಡ್‌ರೂಮಿನ ಮನೆ. ಹಾಲ್‌ನಲ್ಲಿ ಇಪ್ಪತ್ತೈದು ಜನ, ಒಂದು ಚಿಕ್ಕ ಸ್ಪೀಕರ್, ಎರಡು ತಾಸು ಹಾಡು, ಪ್ರಾರ್ಥನೆ. ಅಪ್ಪನಿಗೆ ಹುರುಪು. ಹತ್ತನೇ ತರಗತಿಯ ಮಗಳು ಪ್ರತಿ ಶುಕ್ರವಾರ ಪುಸ್ತಕ ಹಿಡಿದು ಮೆಟ್ಟಿಲ ಮೇಲೆ ಕೂತು ಓದುತ್ತಿದ್ದಳು. ಹೋಗಿ ಬರುವ ನೆರೆಯವರು ಅವಳನ್ನೇ ದಾಟಿ ಹೋಗಬೇಕು. ಅವರು ಬೈದದ್ದನ್ನೆಲ್ಲ ಕೇಳಿಸಿಕೊಂಡವಳು ಅವಳೇ, ಅಪ್ಪ ಅಲ್ಲ. ಕೂಟ ಮುಗಿಸಿ ಇಳಿಯುವಾಗ ನಾನೂ ಅವಳನ್ನು ದಾಟಿಯೇ ಹೋಗುತ್ತಿದ್ದೆ. ‘ಚೆನ್ನಾಗಿ ಓದಮ್ಮ’ ಎಂದು ತಲೆ ಸವರಿ ಹೋಗುತ್ತಿದ್ದೆ. ಒಂದು ದಿನವೂ ಯಾಕೆ ಇಲ್ಲಿ ಕೂತಿದ್ದೀಯ ಎಂದು ಕೇಳಲಿಲ್ಲ. ಆ ತಪ್ಪು ನನ್ನದು. ಆಮೇಲೆ ಅವಳು ಚರ್ಚನ್ನೇ ಬಿಟ್ಟಳು.

ಈಗ ನಿಮ್ಮ ಮಗನ ವಿಷಯ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಅವನು ನಂಬಿಕೆ ಬಿಟ್ಟ ಎಂದು ನೀವು ಬರೆದಿಲ್ಲ, ಚರ್ಚಿಗೆ ಬರುತ್ತಿಲ್ಲ ಎಂದು ಬರೆದಿದ್ದೀರಿ. ಇವೆರಡೂ ಒಂದೇ ಅಲ್ಲ. ಒಂದು ಪ್ರಶ್ನೆ ಕೇಳುತ್ತೇನೆ: ಅವನಿಗೆ ಕನ್ನಡ ಓದಲು ಬರುತ್ತದೆಯೇ? ಮುಂಬೈಯಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ ಆಡುತ್ತಾರೆ, ಶಾಲೆಯಲ್ಲಿ ಇಂಗ್ಲಿಷ್, ಗೆಳೆಯರ ಜೊತೆ ಹಿಂದಿ, ಮರಾಠಿ. ಅಂಥ ಹುಡುಗನನ್ನು ಭಾನುವಾರ ಕೂರಿಸಿ ಸತ್ಯವೇದದ (ಬೈಬಲಿನ) ಹಳೆಯ ಭಾಷೆಯನ್ನು ಕೇಳಿಸುತ್ತೇವೆ. ‘ಅವನು ಆತನನ್ನು ನೋಡಿ ಕನಿಕರಪಟ್ಟು’ ಎಂದರೆ ನಮಗೆ ಎದೆ ತುಂಬಿ ಬರುತ್ತದೆ, ನಮ್ಮ ಅವ್ವ ಓದುತ್ತಿದ್ದ ದನಿ ನೆನಪಾಗುತ್ತದೆ. ಅವನಿಗೆ ಏನೂ ಆಗುವುದಿಲ್ಲ. ನಾನು ಒಬ್ಬ ಹುಡುಗನ ಸಂಗೀತ ಪುಸ್ತಕ ತೆಗೆದು ನೋಡಿದ್ದೆ. ಪ್ರತಿ ಕನ್ನಡ ಸಾಲಿನ ಮೇಲೆ ಪೆನ್ಸಿಲಿನಲ್ಲಿ ಸಣ್ಣದಾಗಿ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡಿದ್ದ. ನಾಲ್ಕನೇ ಹಾಡಿನವರೆಗೆ ಬರೆದು, ಐದನೆಯದರ ನಡುವೆ ನಿಲ್ಲಿಸಿದ್ದ. ಅವನು ಚರ್ಚಿಗೆ ಬರುವುದು ನಿಲ್ಲಿಸಿದ್ದೂ ಆ ಸುಮಾರಿಗೇ. ಅವನಿಗೆ ದೇವರ ಮೇಲೆ ಕೋಪ ಇರಲಿಲ್ಲ. ಎರಡು ತಾಸು ಅರ್ಥವಾಗದೆ ಕೂರುವುದು ಸಾಕಾಗಿತ್ತು.

ಇದನ್ನು ಬರೆಯುವಾಗ ನನಗೇ ಕಷ್ಟವಾಗುತ್ತದೆ. ಕನ್ನಡ ಸಭೆ ಉಳಿಯಬೇಕು ಎಂದು ಜೀವನ ಸವೆಸಿದವನು ನಾನು. ಆದರೂ ಹೇಳುತ್ತೇನೆ. ತಿಂಗಳಿಗೆ ಒಂದೆರಡು ಭಾನುವಾರ ಅವನು ಗೆಳೆಯರ ಜೊತೆ ಇಂಗ್ಲಿಷ್ ಆರಾಧನೆಗೆ ಹೋದರೆ ಬಿಡಿ. ಮೊದಮೊದಲು ನೀವೂ ಜೊತೆಗೆ ಹೋಗಿ ಕೂರಿ, ನಿಮಗೆ ಅರ್ಥವಾಗದ ಹಾಡು ಬಂದಾಗ ಹೇಗಿರುತ್ತದೆ ಎಂದು ನೋಡಿ. ಇದರ ಅಪಾಯವನ್ನೂ ತಿಳಿದಿರಿ. ಅವನು ಅಲ್ಲೇ ಉಳಿಯಬಹುದು, ಇಲ್ಲವೇ ಎರಡೂ ಕಡೆ ಹೋಗದಿರಬಹುದು. ಎಳೆದುಕೊಂಡು ಹೋಗುವುದರ ಅಪಾಯ ಅದಕ್ಕಿಂತ ದೊಡ್ಡದು. ಅಮೆರಿಕದ ಸಮಾಜಶಾಸ್ತ್ರಜ್ಞ ವರ್ನ್ ಬೆಂಗ್ಟ್‌ಸನ್ ಮತ್ತು ಸಂಗಡಿಗರು 1970ರಿಂದ 35 ವರ್ಷ, 350ಕ್ಕೂ ಹೆಚ್ಚು ಕುಟುಂಬಗಳನ್ನು ತಲೆಮಾರುಗಳುದ್ದಕ್ಕೂ ಗಮನಿಸಿದರು. ನಂಬಿಕೆ ಮಕ್ಕಳಿಗೆ ದಾಟುವುದರಲ್ಲಿ ಅವರಿಗೆ ಎದ್ದು ಕಂಡದ್ದು ಅಪ್ಪ ಅಮ್ಮನ ಜೊತೆಗಿನ ಅಕ್ಕರೆ, ಅದರಲ್ಲೂ ಅಪ್ಪನ ಜೊತೆಗಿನದು. ಅಪ್ಪ ಎಷ್ಟೇ ಭಕ್ತನಾಗಿದ್ದರೂ ಮಕ್ಕಳಿಗೆ ದೂರದವನಾಗಿದ್ದರೆ ನಂಬಿಕೆ ದಾಟುವುದು ಕಷ್ಟ. ಅದು ಅಮೆರಿಕದ ಮಾತು, ನಿಜ. ಆದರೆ ಡೊಂಬಿವಲಿಯ ಅಪ್ಪಂದಿರನ್ನು ನೋಡಿದ ನನಗೂ ಅದೇ ಕಂಡಿದೆ. ಬೆಳಿಗ್ಗೆ ಏಳರ ಲೋಕಲ್, ರಾತ್ರಿ ಎಂಟೂವರೆಗೆ ಮನೆ. ಮಕ್ಕಳ ಮುಖ ನೋಡುವುದೇ ಒಂಬತ್ತರ ಪ್ರಾರ್ಥನೆಯಲ್ಲಿ. ಆ ಅರ್ಧ ಗಂಟೆಯಲ್ಲೂ ಅಪ್ಪ ಅವರ ಜೊತೆ ಮಾತಾಡುವುದಿಲ್ಲ, ಅವರ ಬಗ್ಗೆ ದೇವರ ಜೊತೆ ಮಾತಾಡುತ್ತಾನೆ. ‘ಕರ್ತನೇ, ಈ ಮಗನ ಮನಸ್ಸನ್ನು ತಿರುಗಿಸು’ ಎಂದು ಮಗನ ಎದುರೇ ಜೋರಾಗಿ ಪ್ರಾರ್ಥಿಸುತ್ತಾರಲ್ಲ, ಅದು ಮಗನಿಗೆ ಬೈಗುಳ ಕೇಳಿದ ಹಾಗೆಯೇ. ನೀವು ಹಾಗೆ ಮಾಡುತ್ತಿದ್ದರೆ ಇವತ್ತೇ ನಿಲ್ಲಿಸಿ. ಪ್ರಾರ್ಥನೆಯನ್ನು ಹತ್ತು ನಿಮಿಷಕ್ಕಿಳಿಸಿ. ಉಳಿದ ಇಪ್ಪತ್ತು ನಿಮಿಷ ಅವನ ಜೊತೆ ಕೆಳಗೆ ಒಂದು ಸುತ್ತು ಹಾಕಿ. ಸತ್ಯವೇದದ ಧರ್ಮೋಪದೇಶಕಾಂಡ 6 ಕೂಡ ಮನೆಯಲ್ಲಿ ಕೂತಾಗ, ದಾರಿಯಲ್ಲಿ ನಡೆಯುವಾಗ ಮಕ್ಕಳ ಜೊತೆ ಮಾತಾಡು ಎಂದೇ ಹೇಳುತ್ತದೆ.

ವರ್ಗಣಿಯ ವಿಷಯದಲ್ಲಿ ಸಭೆಗಳ ಅಭಿಪ್ರಾಯ ಒಂದೇ ಇಲ್ಲ. ನನ್ನದು ಹೇಳುತ್ತೇನೆ. ನಮ್ಮ ದೇವರನ್ನು ನಂಬಿದ ಮೇಲೂ ಅರಸನ ಕೈಹಿಡಿದು ರಿಮ್ಮೋನ್ ಎಂಬ ಬೇರೆ ದೇವರ ಗುಡಿಗೆ ಹೋಗಲೇಬೇಕಾಗಿದ್ದ ಸೇನಾಪತಿ ನಾಮಾನನಿಗೆ ಪ್ರವಾದಿ ಎಲೀಷ ಹೇಳಿದ್ದು ‘ಸಮಾಧಾನದಿಂದ ಹೋಗು’ ಎಂದು ಮಾತ್ರ. ಹಾಗಾಗಿ ನೆರೆಯವರ ಹಬ್ಬದ ಎದುರು ಮುಖ ಗಂಟಿಕ್ಕಬೇಡಿ. ಆರತಿಯಲ್ಲಿ ನಿಲ್ಲಲು ನಿಮ್ಮ ಮನಸ್ಸು ಒಪ್ಪದಿದ್ದರೆ, ಊಟದ ದಿನದ ಖರ್ಚಿಗೆ ಅಥವಾ ಮಕ್ಕಳ ಸ್ಪರ್ಧೆಗಳಿಗೆ ಎಂದು ಹೇಳಿ ಹಣ ಕೊಡಿ. ಯಾಕೆ ಎಂದು ಕಮಿಟಿಯವರಿಗೆ ಒಂದು ಸಲ ನಗುತ್ತಾ ಹೇಳಿ. ಮುಂದಿನ ವರ್ಷ ಅವರೇ ಅರ್ಥ ಮಾಡಿಕೊಳ್ಳುತ್ತಾರೆ. ಕಾರಣ ಹೇಳದೆ ಪ್ರತಿ ವರ್ಷ ಆ ಹತ್ತು ದಿನ ಊರಿಗೆ ಹೋಗಿಬಿಡುವವರಿದ್ದಾರೆ. ಅವರನ್ನು ನೋಡಿ ಮಕ್ಕಳು ಕಲಿಯುವುದು ತಪ್ಪಿಸಿಕೊಳ್ಳುವುದನ್ನು.

ಆಫೀಸಿನಲ್ಲಿ ಏನು ಮಾಡಲಿ ಎಂದರೆ, ಪಿಂಪ್ರಿಯ ಕಾರ್ಖಾನೆಯಲ್ಲಿದ್ದ ನಮ್ಮ ಸಭೆಯ ಒಬ್ಬ ಹಿರಿಯರು ನೆನಪಾಗುತ್ತಾರೆ. ಡಬ್ಬಿ ಬಿಚ್ಚಿ, ಮುಚ್ಚಳ ಪಕ್ಕಕ್ಕಿಟ್ಟು, ಎರಡು ಉಸಿರಿನಷ್ಟು ಹೊತ್ತು ಕಣ್ಣು ಮುಚ್ಚುತ್ತಿದ್ದರು. ತುಟಿಯೂ ಅಲುಗುತ್ತಿರಲಿಲ್ಲ. ಕೆಲವು ವರ್ಷಗಳಲ್ಲಿ ಆ ಮೇಜಿನ ಮರಾಠಿ ಗೆಳೆಯರೆಲ್ಲ ಅವರು ಕಣ್ಣು ತೆರೆಯುವವರೆಗೆ ರೊಟ್ಟಿ ಮುರಿಯುತ್ತಿರಲಿಲ್ಲ. ಯಾರೂ ಹಾಗೆ ಮಾಡಿ ಎಂದು ಕೇಳಿರಲಿಲ್ಲ. ಅದೇ ಮನುಷ್ಯ ಸ್ಟೋರ್ಸ್ ಲೆಕ್ಕದಲ್ಲಿ ಒಂದು ರೂಪಾಯಿ ಹೆಚ್ಚು ಕಮ್ಮಿ ಬರೆಯುವುದಿಲ್ಲ ಎಂಬುದೂ ಅವರಿಗೆಲ್ಲ ಗೊತ್ತಿತ್ತು. ನೀವು ಅಕೌಂಟ್ಸ್‌ನಲ್ಲಿದ್ದೀರಿ. ಸುಳ್ಳು ಬಿಲ್ಲಿಗೆ ಸಹಿ ಹಾಕಲ್ಲ ಎಂದು ನೀವು ಹೇಳುವ ದಿನ, ನೀವು ಕ್ರೈಸ್ತ ಎಂದು ಗೊತ್ತಿದ್ದರೆ ಅದು ಸಾಕ್ಷಿ. ನೀವು ಕ್ರೈಸ್ತ ಎಂದು ಹೇಳಿಕೊಂಡು ಅದಕ್ಕೆ ಸಹಿ ಹಾಕಿದರೆ ಅದೂ ಒಂದು ಸಾಕ್ಷಿಯೇ, ಬೇರೆ ಥರದ್ದು.

ಅಕ್ಕಿ ಮೂಟೆಯ ಮಾತು ನಿಮ್ಮ ಮಕ್ಕಳಿಗೂ ಒಂದು ದಿನ ಕೇಳಿಸುತ್ತದೆ, ಬಹುಶಃ ಫೋನಿನಲ್ಲಿ ಆಗಲೇ ಕೇಳಿಸಿರಬಹುದು. ಅದಕ್ಕೆ ಮೊದಲು ನಿಮ್ಮ ಬಾಯಿಂದ ಮನೆಯ ಕಥೆ ಕೇಳಲಿ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನವರು ಧಾರವಾಡಕ್ಕೆ ಬಂದದ್ದು 1837ರಲ್ಲಿ. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವನ್ನು 1843ರಲ್ಲಿ ತಂದ ಮೋಗ್ಲಿಂಗ್, 1894ರಲ್ಲಿ ನಿಘಂಟು ಕೊಟ್ಟ ಕಿಟ್ಟೆಲ್, ಇಬ್ಬರೂ ಆ ಮಿಷನ್ನಿನವರೇ. ಇದು ಗೊತ್ತಿರಲಿ. ಅದಕ್ಕಿಂತ ಮುಖ್ಯವಾಗಿ ನಿಮ್ಮ ಅಜ್ಜ ಯಾಕೆ ಕ್ರೈಸ್ತನಾದ, ಏನು ಕಳೆದುಕೊಂಡ, ಏನು ಸಿಕ್ಕಿತು ಎಂದು ನೀವೇ ಹೇಳಿ. ನಿಮಗೇ ಗೊತ್ತಿಲ್ಲದಿದ್ದರೆ ಊರಲ್ಲಿರುವ ಹಿರಿಯರಿಗೆ ಫೋನ್ ಮಾಡಿ ಕೇಳಿ, ಮಕ್ಕಳ ಎದುರೇ ಸ್ಪೀಕರ್ ಹಾಕಿ. ಅಪೊಸ್ತಲ ಪೌಲ ತನ್ನ ಕಿರಿಯ ಸಂಗಡಿಗ ತಿಮೊಥೆಗೆ ಬರೆಯುವಾಗ ಅವನ ಅಜ್ಜಿ ಲೋವಿ, ತಾಯಿ ಯೂನಿಕೆ ಇಬ್ಬರ ಹೆಸರನ್ನೂ ನೆನಪಿಸುತ್ತಾನೆ. ನಂಬಿಕೆಗೆ ಹೆಸರಿರುವ ಅಜ್ಜಿಯರು ಬೇಕು.

ಬಾಗಿಲಿನ ಶಿಲುಬೆ ಹಾಕಬಹುದು, ತಪ್ಪೇನಿಲ್ಲ. ಹೆಂಡತಿ ಒಪ್ಪಿದ ಮೇಲೆ ಹಾಕಿ. ನೀವು ಆಫೀಸಿಗೆ ಹೋದ ಮೇಲೆ ಆ ಬಾಗಿಲು ತೆರೆಯುವವರು ಅವರು, ಕೊರಿಯರ್ ತೆಗೆದುಕೊಳ್ಳುವವರು ಅವರು, ಎದುರುಮನೆಯವರ ಮಾತಿಗೆ ಉತ್ತರ ಕೊಡುವವರು ಅವರು.

ಮಗಳಿಗೆ ಮಾತ್ರ ತಡ ಮಾಡಬೇಡಿ. ಅವಳು ಕೇಳಿ ಇಷ್ಟು ತಿಂಗಳಾಯಿತು. ‘ಜಾಗ ಇಲ್ಲ’ ಎಂದೋ ‘ಗಾಳಿಗೆ ಹರಿಯುತ್ತದೆ’ ಎಂದೋ ಹೇಳಿದ್ದರೆ, ಅದು ನಿಜವಲ್ಲ ಎಂದು ಅವಳಿಗೆ ಗೊತ್ತು. ಬಾಡಿಗೆ ಮನೆಯ ಕಥೆ ಅವಳಿಗೆ ಹೇಳಿದ್ದೀರಾ? ಹೇಳಿ. ಅಡ್ವಾನ್ಸ್ ವಾಪಸ್ ಕೊಟ್ಟಾಗ ನೀವು ಎಲ್ಲಿ ನಿಂತಿದ್ದಿರಿ, ಅಮ್ಮ ಏನಂದಳು, ಆ ರಾತ್ರಿ ಎಲ್ಲಿ ಮಲಗಿದಿರಿ, ಎಲ್ಲ ಹೇಳಿ. ಊಟದ ಮೇಜಿನ ನಗುವನ್ನೂ ಹೇಳಿ. ಅಪ್ಪ ಹೆದರಿದ್ದ ಎಂದು ಕೇಳಿ ಅವಳಿಗೆ ನಿಮ್ಮ ಮೇಲಿನ ಗೌರವ ಕಡಿಮೆಯಾಗುವುದಿಲ್ಲ. ಆಮೇಲೆ ಅವಳನ್ನೇ ಕೇಳಿ: ಈ ವರ್ಷ ನಕ್ಷತ್ರ ಎಲ್ಲಿ ಕಟ್ಟೋಣ? ಅವಳು ರಸ್ತೆ ಕಡೆಯ ಬಾಲ್ಕನಿ ತೋರಿಸಿದರೆ, ಸ್ಟೂಲ್ ಹತ್ತುವವರು ನೀವಾಗಿರಿ, ವೈರ್ ಹಿಡಿಯುವವಳು ಅವಳಾಗಿರಲಿ. ‘ಬೇಡ ಪಪ್ಪಾ, ಇನ್ನೊಂದು ವರ್ಷ ಒಳಗೇ ಇರಲಿ’ ಅಂದರೆ, ಅವಳಿಗೇನು ಭಯ ಎಂದು ಕೇಳಿಸಿಕೊಳ್ಳಿ, ಒತ್ತಾಯ ಮಾಡಬೇಡಿ.